ಗುಳೆ ಬರುವ ಕುಟುಂಬಗಳು: ಊರಿನವರೂ ಬೆಂಗಳೂರಿನವರೂ ಕೈ ಜೋಡಿಸುವುದು ಹೇಗೆ?

ವರ್ತೂರು ಕಡೆಯವಳು:

ದಸರಾ ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಗುಳೆ ಬರುವ, ಅಂದರೆ ಕೆಲಸ ಹುಡುಕಿ ಊರು ಬಿಟ್ಟು ಬರುವ ಕಟ್ಟಡ ಕಾರ್ಮಿಕರ ಶೆಡ್‌ಗಳು ತುಂಬಲು ಶುರು. ವರ್ತೂರು, ಗುಂಜೂರು, ಪಣತ್ತೂರು, ತೂಬರಹಳ್ಳಿ, ಎಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆಯೋ ಅದರ ಪಕ್ಕದಲ್ಲೇ ತಗಡಿನ ಸಾಲು. ಯಾದಗಿರಿ, ಕಲಬುರಗಿ, ರಾಯಚೂರು, ಕೊಪ್ಪಳದ ಜನ ಜಾಸ್ತಿ. ಒಡಿಶಾ, ಬಿಹಾರ, ಬಂಗಾಳದವರೂ ಇದ್ದಾರೆ. ನಾವು ಕೆಲವರು ಸೇರಿ ಈ ಕುಟುಂಬಗಳ ಜೊತೆ ಓಡಾಡುತ್ತೇವೆ. ಮಕ್ಕಳನ್ನು ಶಾಲೆಗೆ ಸೇರಿಸುವುದು, ಲಸಿಕೆಗೆ ಕರೆದುಕೊಂಡು ಹೋಗುವುದು, ರೇಷನ್ ಅಂಗಡಿಯಲ್ಲಿ ಪಕ್ಕ ನಿಲ್ಲುವುದು, ಇಂಥವು.

ಇಲ್ಲಿ ಒಂದೇ ವಿಷಯ ಕೇಳಬೇಕಿದೆ. ಈ ಕುಟುಂಬಗಳಿಗೆ ಯೋಜನೆಗಳು ಇಲ್ಲವೇ ಇಲ್ಲ ಅಂತೇನಿಲ್ಲ. ರೇಷನ್ ಇದೆ, ಅಂಗನವಾಡಿ ಇದೆ, ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ ಬರೆದಿಡುವ ಕಾರ್ಡ್) ಇದೆ, ಕಟ್ಟಡ ಕಾರ್ಮಿಕರ ಮಂಡಳಿ ಇದೆ, ಸರ್ಕಾರಿ ಶಾಲೆ ಇದೆ. ಆದರೆ ಪ್ರತಿಯೊಂದಕ್ಕೂ ಬೇರೆ ಇಲಾಖೆ. ಪ್ರತಿ ಇಲಾಖೆಗೂ ಅದರದೇ ಗಡಿ. ಅಂಗನವಾಡಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕೈಯಲ್ಲಿ, ಶಾಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೈಯಲ್ಲಿ, ಕಾರ್ಮಿಕರ ಕಾರ್ಡ್ ಕಾರ್ಮಿಕ ನಿರೀಕ್ಷಕರ ಕೈಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಒಂದು ಶೆಡ್ ಸಾಲಿನ ವಿಷಯ ಮಾತಾಡಬೇಕಾದರೆ ನಾಲ್ಕೈದು ಕಚೇರಿ ಸುತ್ತಬೇಕು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ಬಿರುಕು ಊರಿಗೂ ಬೆಂಗಳೂರಿಗೂ ನಡುವೆ ಇದೆ. ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಒಬ್ಬ ಗರ್ಭಿಣಿ ಏಳನೇ ತಿಂಗಳಲ್ಲಿ ಇಲ್ಲಿಗೆ ಬಂದರು. ತಾಯಿ ಕಾರ್ಡ್ ಊರಲ್ಲೇ ಉಳಿದಿತ್ತು. ಅವರಿಗೆ ರಕ್ತ ಕಡಿಮೆ ಇತ್ತು, ಅದು ಆ ಕಾರ್ಡ್‌ನಲ್ಲಿ ಬರೆದಿತ್ತು. ಊರಿನ ಆಶಾ ಕಾರ್ಯಕರ್ತೆಗೆ ಅವರ ವಿವರವೆಲ್ಲ ಬಾಯಿಪಾಠ. ಇಲ್ಲಿಯ ಆಶಾಗೆ ಅವರು ಬಂದಿದ್ದಾರೆ ಅನ್ನುವುದೇ ತಿಳಿಯದು. ನೋವು ಬಂದ ರಾತ್ರಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದರು. ತಾಯಿ, ಮಗು ಉಳಿದರು, ಅದೇ ಸಮಾಧಾನ. ಊರಿಂದ ಹೊರಟ ದಿನ ಯಾರಾದರೂ ಒಂದು ಫೋನ್ ಮಾಡಿದ್ದರೆ ಆ ಅಲೆದಾಟ ತಪ್ಪುತ್ತಿತ್ತು.

ಹಾಗಾಗಿ ನನ್ನ ಕೋರಿಕೆ. ಹೊಸ ಯೋಜನೆ, ಹೊಸ ಆ್ಯಪ್ ಬೇಡ. ಕುಟುಂಬ ಹೊರಡುವ ಮುಂಚೆ ಊರಿನ ಮೇಷ್ಟ್ರು, ಆಶಾ, ಅಂಗನವಾಡಿ ಟೀಚರ್ ಇಲ್ಲಿಯವರಿಗೆ ಸುದ್ದಿ ಮುಟ್ಟಿಸುವ ಒಂದು ದಾರಿ ಮಾಡೋಣ. ಮೊದಲು ಒಂದು ತಾಲ್ಲೂಕು, ಬೆಂಗಳೂರಿನ ಒಂದು ಭಾಗ ಸಾಕು. ಊರಿನ ಕಡೆಯವರು ಇದ್ದರೆ ದಯವಿಟ್ಟು ಮಾತಾಡಿ.

ಸುರಪುರದ ಮೇಷ್ಟ್ರು:

ನಮಸ್ಕಾರ ಮೇಡಂ. ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ತಾಂಡಾದ ಸರ್ಕಾರಿ ಶಾಲೆಯಲ್ಲಿ ಇದ್ದೇನೆ. ನೀವು ಹೇಳಿದ್ದರ ಇನ್ನೊಂದು ಮಗ್ಗುಲು ನಮಗೆ ಕಾಣುತ್ತದೆ.

ಜೂನ್‌ನಲ್ಲಿ ಮಕ್ಕಳು ಬರುತ್ತಾರೆ. ದಸರಾ ರಜೆಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬರುವುದಿಲ್ಲ. ಸಜ್ಜೆ ಕೈಗೆ ಬಂದ ಮೇಲೆ ಹೊಲದಲ್ಲಿ ಕೆಲಸ ಇರುವುದಿಲ್ಲ, ನೀರಾವರಿ ಇಲ್ಲದ ಹೊಲ ಅಂದರೆ ಅಷ್ಟೇ. ಮೇಸ್ತ್ರಿ ಮುಂಚೆಯೇ ಮುಂಗಡ ಕೊಟ್ಟಿರುತ್ತಾನೆ. ರಾತ್ರಿ ಗಾಡಿ ಬರುತ್ತದೆ, ಬೆಳಗ್ಗೆ ಮನೆಗೆ ಬೀಗ. ಎಲ್ಲಿಗೆ ಹೋದರು ಅಂತ ಅಜ್ಜಿಯನ್ನು ಕೇಳಿದರೆ 'ಬೆಂಗಳೂರಿಗೆ' ಅನ್ನುತ್ತಾರೆ. ಬೆಂಗಳೂರು ಅಂದರೆ ಎಲ್ಲಿ ಹುಡುಕುವುದು? ಕೆಲವರು ಪುಣೆ, ಮುಂಬಯಿ, ಗೋವಾಕ್ಕೂ ಹೋಗುತ್ತಾರೆ.

ಆ ಮಗುವಿನ ಹೆಸರು ನಮ್ಮ ಶಾಲೆಯ ಎಸ್‌ಎಟಿಎಸ್‌ನಲ್ಲಿ (ಪ್ರತಿ ವಿದ್ಯಾರ್ಥಿಗೆ ಒಂದು ನಂಬರ್ ಕೊಡುವ ಸರ್ಕಾರದ ಆನ್‌ಲೈನ್ ದಾಖಲೆ) ಉಳಿದಿರುತ್ತದೆ. ಬೆಂಗಳೂರಿನ ಶಾಲೆ ಸೇರಿಸಿಕೊಳ್ಳಬೇಕಾದರೆ ಹಳೇ ನಂಬರ್ ಕೇಳುತ್ತದೆ. ಅಪ್ಪ ಅಮ್ಮನಿಗೆ ನಂಬರ್ ಗೊತ್ತಿಲ್ಲ. ಶಾಲೆಯ ಪೂರ್ತಿ ಹೆಸರೂ ಸರಿಯಾಗಿ ಹೇಳಲು ಬರುವುದಿಲ್ಲ, ನಮ್ಮ ಕಡೆ ಒಂದೇ ಹೆಸರಿನ ತಾಂಡಾ ಎಷ್ಟೋ ಇವೆ. ಕೊನೆಗೆ ಮಗು ಹೆಸರಿಲ್ಲದೆ ತರಗತಿಯಲ್ಲಿ ಕೂರುತ್ತದೆ. ಹೆಸರಿಲ್ಲ ಅಂದರೆ ಪುಸ್ತಕ ಇಲ್ಲ, ಸಮವಸ್ತ್ರ ಇಲ್ಲ. ಯುಗಾದಿಗೆ ಊರಿಗೆ ಬಂದಾಗ ನಮ್ಮಲ್ಲಿ ಹಾಜರಾತಿ ಇರುವುದಿಲ್ಲ, ಅಲ್ಲಿ ಕಲಿತದ್ದಕ್ಕೆ ದಾಖಲೆ ಇರುವುದಿಲ್ಲ.

ಈ ಸಲ ಒಂದು ಕೆಲಸ ಮಾಡಿದ್ದೇವೆ. ರಜೆಗೆ ಮುಂಚೆ ಪ್ರತಿ ಮಗುವಿನ ಎಸ್‌ಎಟಿಎಸ್ ನಂಬರ್, ಶಾಲೆಯ ಹೆಸರು, ನನ್ನ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರ್‌ಗೆ ಹಾಕಿಸಿದೆವು. ಆಧಾರ್ ಮಾತ್ರ ಯಾರೂ ಊರಲ್ಲಿ ಬಿಟ್ಟು ಹೋಗುವುದಿಲ್ಲ. ಬೆಂಗಳೂರಿನ ಒಂದು ಶಾಲೆಯ ಹೆಡ್‌ಮಾಸ್ಟರ್ ಆಗಲೇ ಫೋನ್ ಮಾಡಿ ಇಬ್ಬರು ಮಕ್ಕಳನ್ನು ಅಲ್ಲಿಗೆ ವರ್ಗಾಯಿಸಿಕೊಂಡರು. ಹಾಗಾಗಿ ನಿಮ್ಮ ಮಾತಿಗೆ ನಾನು ಸಿದ್ಧ. ನಮ್ಮ ಕ್ಲಸ್ಟರ್‌ನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ) ಜೊತೆಗೂ ಮಾತಾಡುತ್ತೇನೆ.

ಒಂದು ಮಾತು. ಮಗು ಊರಲ್ಲೇ ಉಳಿದರೆ ಓದಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಡಿಶಾದ ಬಲಾಂಗೀರ್, ನುವಾಪಾಡಾ ಕಡೆ ಗುಳೆ ಹೋಗುವವರ ಮಕ್ಕಳಿಗೆ ಆ ಕಾಲಕ್ಕೆ ಮಾತ್ರ ಹಾಸ್ಟೆಲ್ ನಡೆಸುತ್ತಾರೆ. ನಮ್ಮ ಕಡೆಯೂ ಅಂಥ ವಸತಿ ಶಾಲೆ ಕಟ್ಟುನಿಟ್ಟಾಗಿ, ದಸರಾಕ್ಕೆ ಮುಂಚೆಯೇ ಶುರುವಾಗಬೇಕು. ಜನ ಹೋದ ಮೇಲೆ ಶುರುವಾದರೆ ಯಾರಿಗೆ ಉಪಯೋಗ?

ಗಾರೆ ಕೆಲಸದವರ ಮಗ:

ಇಬ್ಬರ ಮಾತೂ ಓದಿದೆ. ನಾನು ಇಂಥ ಶೆಡ್‌ಗಳಲ್ಲೇ ಬೆಳೆದವನು. ಅಪ್ಪ ಅಮ್ಮ ದೇವದುರ್ಗ ತಾಲ್ಲೂಕಿನವರು. ಹೆಬ್ಬಾಳ, ಥಣಿಸಂದ್ರ, ಯಲಹಂಕ, ಎಲ್ಲಿ ಕೆಲಸ ಅಲ್ಲಿ ಶೆಡ್. ಈಗ ಡಿಪ್ಲೊಮಾ ಮಾಡಿ ಒಂದು ಕಂಪನಿಯಲ್ಲಿದ್ದೇನೆ.

ಹೊರಗಿನವರಿಗೆ ಕಾಣದ ಒಂದು ವಿಷಯ ಹೇಳುತ್ತೇನೆ. ದೊಡ್ಡ ಮಗು ಶಾಲೆಗೆ ಹೋಗದಿರುವುದಕ್ಕೆ ತುಂಬಾ ಮನೆಗಳಲ್ಲಿ ಕಾರಣ ಸಣ್ಣ ಮಗು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಇಳಿಯುತ್ತಾರೆ. ಒಂದೂವರೆ ವರ್ಷದ ಕೂಸನ್ನು ಯಾರು ನೋಡಬೇಕು? ಅಕ್ಕ ನೋಡಬೇಕು. ನನ್ನ ಅಕ್ಕ ನಾಲ್ಕನೇ ಕ್ಲಾಸಿಗೆ ಓದು ಬಿಟ್ಟಿದ್ದು ನನ್ನನ್ನು ಎತ್ತಿಕೊಳ್ಳುವುದಕ್ಕೆ. ಅವಳು ನನಗಿಂತ ಚುರುಕು. ಶಾಲೆಯವರು ಬಂದು ಅಪ್ಪನಿಗೆ ಎಷ್ಟು ಬುದ್ಧಿ ಹೇಳಿದರೂ ಪ್ರಯೋಜನ ಆಗುತ್ತಿರಲಿಲ್ಲ, ಅಪ್ಪನಿಗೆ ಬುದ್ಧಿ ಇಲ್ಲದೆ ಅಲ್ಲ. ಸೈಟಲ್ಲಿ ಕೂಸುಗಳಿಗೆ ಒಂದು ಜಾಗ ಇದ್ದಿದ್ದರೆ ಅವಳು ಓದುತ್ತಿದ್ದಳು.

ಹಾಗಾಗಿ ಶಾಲೆ ಒಂದು ಕಡೆ, ಶಿಶುಪಾಲನೆ ಒಂದು ಕಡೆ ಅಂತ ಬೇರೆ ಬೇರೆ ಪಟ್ಟಿ ಮಾಡಬೇಡಿ. ಒಂದು ಮನೆಯನ್ನು ಒಟ್ಟಿಗೆ ನೋಡಿ. ಊರಿಂದ ಸುದ್ದಿ ಬರುವಾಗ ಆ ಮನೆಯಲ್ಲಿ ಆರು ವರ್ಷದ ಒಳಗಿನ ಮಗು ಇದೆಯಾ ಅನ್ನುವುದೂ ಬರಲಿ. ಊರಲ್ಲಾದರೆ ಈಗ ಕೆಲವು ಪಂಚಾಯಿತಿಗಳಲ್ಲಿ ಕೂಸಿನ ಮನೆ ಇದೆ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರು ಮಗು ಬಿಟ್ಟು ಹೋಗಬಹುದು. ಅದೇ ತಾಯಿ ಬೆಂಗಳೂರಿಗೆ ಬಂದರೆ ಮರಳಿನ ಗುಡ್ಡೆ ಪಕ್ಕ ಸೀರೆಯ ಜೋಳಿಗೆ ಕಟ್ಟಬೇಕು.

ಇನ್ನೊಂದು, ಮೇಸ್ತ್ರಿಯನ್ನು ಬಿಟ್ಟು ಏನೂ ಮಾಡಲು ಆಗುವುದಿಲ್ಲ. ಯಾವ ಸೈಟ್, ಯಾವ ದಿನ, ಎಷ್ಟು ಮನೆ, ಎಲ್ಲ ಗೊತ್ತಿರುವುದು ಅವನಿಗೆ. ಎಲ್ಲರೂ ಕೆಟ್ಟವರಲ್ಲ, ಬಹಳ ಜನ ಅದೇ ಊರಿನವರು, ಸಂಬಂಧಿಕರು. ಅವರಿಗೂ ಗೌರವ ಕೊಟ್ಟು ಮಾತಾಡಿಸಿ.

ಅಂಗನವಾಡಿ ಟೀಚರ್:

ನಾನು ಬೆಂಗಳೂರು ಪೂರ್ವದ ಒಂದು ಕೇಂದ್ರದಲ್ಲಿ ಇದ್ದೇನೆ. ನಮ್ಮ ಕಷ್ಟವನ್ನೂ ಹೇಳಬೇಕು ಅನ್ನಿಸಿತು.

ನಮ್ಮ ಕೇಂದ್ರಕ್ಕೆ ಒಂದು ಸರ್ವೆ ಪ್ರದೇಶ ಇದೆ. ಶೆಡ್‌ಗಳು ಏಳುವುದು ಆ ಗಡಿಯ ಅಂಚಿನಲ್ಲಿ, ಖಾಲಿ ಜಾಗದಲ್ಲಿ. ಇದು ನಿಮ್ಮದು ಅಂತ ನಾವು, ನಿಮ್ಮದು ಅಂತ ಪಕ್ಕದ ಕೇಂದ್ರ, ಹೀಗಾಗಿ ಬಿಡುತ್ತದೆ. ಆಹಾರ ಸಾಮಗ್ರಿ ಬರುವುದು ದಾಖಲಾದ ಮಕ್ಕಳ ಲೆಕ್ಕಕ್ಕೆ. ತಿಂಗಳ ಮಧ್ಯದಲ್ಲಿ ಹದಿನೈದು ಮಕ್ಕಳು ಒಟ್ಟಿಗೆ ಬಂದರೆ ಇರುವುದರಲ್ಲೇ ಹಂಚಬೇಕು. ಬಂದ ಮಗುವನ್ನು ಹಸಿವಿನಲ್ಲಿ ಕಳಿಸುವುದಕ್ಕೆ ನಮಗೂ ಮನಸ್ಸು ಬರುವುದಿಲ್ಲ.

ನಾವು ಅಂಗನವಾಡಿಯ ಲೆಕ್ಕ ಹಾಕುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಹೋದವರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡುವ ಅವಕಾಶ ಇದೆ. ಊರಿನ ಟೀಚರ್‌ಗೆ ಅವರು ಎಲ್ಲಿಗೆ ಹೋದರು ಅಂತ ಗೊತ್ತಿಲ್ಲ, ನಮಗೆ ಎಲ್ಲಿಂದ ಬಂದರು ಅಂತ ಗೊತ್ತಿಲ್ಲ. ಅದಕ್ಕೇ ಅದು ಉಪಯೋಗಕ್ಕೆ ಬರುತ್ತಿಲ್ಲ. ತೂಕ, ಎತ್ತರದ ಹಳೇ ಲೆಕ್ಕ ಸಿಕ್ಕರೆ ಮಗು ಇಳಿಯುತ್ತಿದೆಯಾ ಅನ್ನುವುದು ಮೊದಲ ವಾರವೇ ತಿಳಿಯುತ್ತದೆ. ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಅವರು ಬೇರೆ ಸೈಟಿಗೆ ಹೋಗಿರುತ್ತಾರೆ.

ಮೇಡಂ, ನನ್ನದು ಒಂದೇ ಬೇಡಿಕೆ. ಎಷ್ಟು ಮಕ್ಕಳು, ಎಷ್ಟು ಗರ್ಭಿಣಿ ಬಾಣಂತಿಯರು ಬರುತ್ತಾರೆ ಅಂತ ಹಿಂದಿನ ತಿಂಗಳೇ ಹೇಳಿ. ಹೆಸರು ಆಮೇಲೆ ಬಂದರೂ ಪರವಾಗಿಲ್ಲ. ಲೆಕ್ಕ ಮೊದಲು ಸಿಕ್ಕರೆ ನಾನು ಮೇಲ್ವಿಚಾರಕಿಗೆ ಹೇಳಿ ಸಾಮಗ್ರಿ ಕೇಳಬಹುದು. ಗರ್ಭಿಣಿ ಬಾಣಂತಿಯರಿಗೆ ಕೊಡುವ ಮಾತೃಪೂರ್ಣದ ಊಟಕ್ಕೂ ಹಾಗೆಯೇ. ಶೆಡ್‌ನಿಂದ ಕೇಂದ್ರಕ್ಕೆ ಬಂದು ಕೂತು ಉಣ್ಣಲು ಗಾರೆ ಕೆಲಸದ ಹೆಂಗಸರಿಗೆ ಬಿಡುವು ಸಿಗುವುದಿಲ್ಲ, ಅದನ್ನೂ ಯಾರಾದರೂ ಸೈಟಿನವರ ಜೊತೆ ಮಾತಾಡಬೇಕು.

ನಮ್ಮ ಊರು ಮೊದಲು:

ಎಲ್ಲ ಒಳ್ಳೆಯ ಮಾತು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಯಾದಗಿರಿ, ರಾಯಚೂರಿನವರು ನಮ್ಮವರು, ಅವರಿಗೆ ಮಾಡಬೇಕು. ಹೊರ ರಾಜ್ಯದವರಿಗೂ ಇದೇ ಅಂಗನವಾಡಿ, ಇದೇ ಆಸ್ಪತ್ರೆಯಲ್ಲಿ ಜಾಗ ಕೊಟ್ಟರೆ ನಮ್ಮವರಿಗೆ ಕಡಿಮೆ ಆಗುವುದಿಲ್ಲವಾ? ದ್ವೇಷದಿಂದ ಕೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಬಂದವನು ನಾನು.

ವರ್ತೂರು ಕಡೆಯವಳು:

ಸಾಲು ಉದ್ದ ಇರುವುದು ನಿಜ ಸರ್. ಜಾಗ ಕಡಿಮೆ ಇರುವುದೂ ನಿಜ. ಆದರೆ ಒಡಿಶಾದಿಂದ ಬಂದ ಮಗುವಿಗೆ ದಡಾರದ ಲಸಿಕೆ ಆಗದೇ ಇದ್ದರೆ ಕಾಯಿಲೆ ಅದೇ ಸಾಲಿನ ಸುರಪುರದ ಮಗುವಿಗೂ ಹರಡುತ್ತದೆ. ಶೆಡ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. ಬೇರ್ಪಡಿಸಿ ಕೆಲಸ ಮಾಡಲು ಸಾಧ್ಯವೇ ಇಲ್ಲ.

ರೇಷನ್ ವಿಷಯದಲ್ಲಿ ಹೊರ ರಾಜ್ಯದವರು ನಮ್ಮ ರಾಜ್ಯದ ಪಾಲು ತಿನ್ನುವುದಿಲ್ಲ. ಒಂದು ದೇಶ ಒಂದು ಪಡಿತರ ಚೀಟಿಯಲ್ಲಿ ಅವರಿಗೆ ಸಿಗುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ಕರ್ನಾಟಕ 2020ರ ಜನವರಿಯಿಂದಲೇ ಇದರಲ್ಲಿದೆ. ನಮ್ಮ ಅನ್ನಭಾಗ್ಯದಲ್ಲಿ ರಾಜ್ಯ ಸೇರಿಸಿ ಕೊಡುವ ಭಾಗ ನಮ್ಮ ಕಾರ್ಡ್‌ನವರಿಗೇ.

ನಮ್ಮವರೇ ಮುಂಬಯಿ, ಪುಣೆ, ಗೋವಾದಲ್ಲಿ ಹೀಗೆಯೇ ಶೆಡ್‌ನಲ್ಲಿ ಇದ್ದಾರೆ ಅಂತ ಮೇಷ್ಟ್ರು ಮೇಲೆ ಬರೆದಿದ್ದಾರೆ. ಅಲ್ಲಿಯ ಆಸ್ಪತ್ರೆಯಲ್ಲಿ ಅವರಿಗೆ ಬಾಗಿಲು ಮುಚ್ಚಬಾರದು ಅಂತ ನಾವು ಬಯಸುತ್ತೇವೆ, ಅಲ್ವಾ?

ಕೊಚ್ಚಿಯ ಕನ್ನಡಿಗ:

ಇಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ ರೋಶ್ನಿ ಅಂತ ಒಂದು ಕೆಲಸ ಶುರುವಾಯಿತು. ಪೆರುಂಬಾವೂರು ಸುತ್ತಮುತ್ತ ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರದ ಕುಟುಂಬಗಳು ತುಂಬಾ. ಮಕ್ಕಳ ಮನೆಮಾತು ಬಲ್ಲ ಸ್ವಯಂಸೇವಕರನ್ನು ಸರ್ಕಾರಿ ಶಾಲೆಗಳಿಗೆ ಹಾಕಿದರು. ಆ ಭಾಷೆಯ ಕೈ ಹಿಡಿದೇ ಮಲಯಾಳಂ ಕಲಿಸಿದರು. ಇಲ್ಲಿಯ ಬಂಧು ಕ್ಲಿನಿಕ್ ವ್ಯಾನ್‌ಗಳು ಕಾರ್ಮಿಕರು ಇರುವ ಜಾಗಕ್ಕೇ ಹೋಗುತ್ತವೆ. ಬೆಂಗಳೂರಿನಲ್ಲೂ ಶಾಲೆಯಲ್ಲಿ ಒಬ್ಬ ಲಂಬಾಣಿ ಬಲ್ಲವರು, ಒಬ್ಬ ಬಂಗಾಳಿ ಬಲ್ಲವರು ಇದ್ದರೆ ಮಕ್ಕಳು ಬೇಗ ಕನ್ನಡಕ್ಕೆ ಬರುತ್ತಾರೆ. ಶೆಡ್‌ನಲ್ಲೇ ಹತ್ತನೇ ತರಗತಿ ಓದಿದ ಹುಡುಗಿಯರು ಇರುತ್ತಾರೆ, ಅವರನ್ನೇ ಕೇಳಬಹುದು.

ವಕೀಲೆ:

ಕಾನೂನಿನ ಕಡೆಯಿಂದ ಮೂರು ಮಾತು, ಸ್ವಲ್ಪ ಉದ್ದ ಆಗಬಹುದು.

ಮೊದಲು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 5ನೇ ಸೆಕ್ಷನ್ ಓದಿಕೊಳ್ಳಿ. ಟಿಸಿ (ವರ್ಗಾವಣೆ ಪತ್ರ) ತಡವಾಯಿತು ಅನ್ನುವ ಕಾರಣಕ್ಕೆ ಪ್ರವೇಶ ತಡ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತಲೂ ಬಿಡುವಂತಿಲ್ಲ. 9ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ವಲಸೆ ಕುಟುಂಬದ ಮಕ್ಕಳ ಪ್ರವೇಶ ಖಚಿತ ಮಾಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ ಬರೆದೇ ಇದೆ. 2013ರಲ್ಲಿ ನಮ್ಮ ಹೈಕೋರ್ಟ್ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು ಸರ್ಕಾರಕ್ಕೆ ಪ್ರಶ್ನೆ ಹಾಕಿತ್ತು. ಹಾಗಾಗಿ ಹೆಡ್‌ಮಾಸ್ಟರ್ ಹತ್ತಿರ ಹೋಗುವಾಗ ಬೇಡುವ ದನಿ ಬೇಕಿಲ್ಲ. ಸೆಕ್ಷನ್‌ಗಳನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಮುದ್ರಿಸಿ ಕೈಯಲ್ಲಿ ಇಟ್ಟುಕೊಳ್ಳಿ. ಜಗಳಕ್ಕೆ ಬೇಡ, ಅವರಿಗೂ ಮೇಲಿನವರಿಗೆ ತೋರಿಸಲು ಅನುಕೂಲ.

ಎರಡನೆಯದು ಕಾರ್ಮಿಕರ ಕಾನೂನು. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕಾರ್ಮಿಕ ಸಂಹಿತೆ ಬಂದಿದೆ, ಅಲ್ಲೂ ಇದೇ ಕಥೆ. ಅಂದರೆ ಬಲಾಂಗೀರ್‌ನಿಂದ ಬಂದವರು ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕರು. ಐನೂರು ಕಿಲೋಮೀಟರ್ ದೂರದ ಸುರಪುರದಿಂದ ಬಂದವರು ಅಲ್ಲ. ಮೇಲೆ ಕೇಳಿದ 'ನಮ್ಮವರು ಮೊದಲು' ಪ್ರಶ್ನೆಗೆ ಇದನ್ನೂ ಸೇರಿಸಿ ಯೋಚಿಸಿ. ನಮ್ಮದೇ ಜನಕ್ಕೆ ಆ ಕಾನೂನಿನ ನೆರಳು ಇಲ್ಲ. ರಾಜ್ಯದ ಒಳಗಿನ ಗುಳೆಗೆ ರಾಜ್ಯ ಸರ್ಕಾರವೇ ನಿಯಮ ಮಾಡಬೇಕು, ಜಿಲ್ಲೆ ಜಿಲ್ಲೆಗಳ ನಡುವೆ ಹೊಣೆ ಹಂಚಬೇಕು.

ಕೂಸುಗಳ ಜಾಗದ ಬಗ್ಗೆ ಬರೆದ ತಮ್ಮ ಹೇಳಿದ್ದು ಸರಿ. 50ಕ್ಕಿಂತ ಹೆಚ್ಚು ಹೆಂಗಸರು ಇರುವ ಸೈಟಿನಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಹೊಸ ಸಂಹಿತೆಯಲ್ಲೂ 50 ಕಾರ್ಮಿಕರ ಲೆಕ್ಕದಲ್ಲಿ ಅದು ಉಳಿದಿದೆ. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಹೋಗುವುದು ಈ ಜನರ ಕಲ್ಯಾಣಕ್ಕೇ. ನಾವು ಕೇಳುತ್ತಿರುವುದು ಯಾರ ದಾನವೂ ಅಲ್ಲ.

ಮೂರನೆಯದೇ ನನ್ನ ಆತಂಕ. ಊರಿಂದ ಪಟ್ಟಿ ಬರುತ್ತದೆ ಅಂದಿರಿ. ಆ ಪಟ್ಟಿ ಯಾರ ಕೈಯಲ್ಲಿ ಇರುತ್ತದೆ? 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್‌ಗಳನ್ನು ಕೆಡವಿದ್ದು ನೆನಪಿದೆಯಲ್ಲ. ಬಾಂಗ್ಲಾದೇಶದವರು ಅನ್ನುವ ಗುಮಾನಿಯ ಮೇಲೆ ನಡೆದದ್ದು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಆ ಕ್ರಮ ಕಾನೂನುಬಾಹಿರ ಅಂತ ಹೈಕೋರ್ಟ್ ಹೇಳಿತು, ಆದರೆ ಮನೆ ಆಗಲೇ ನೆಲಸಮ ಆಗಿತ್ತು. ಶೆಡ್ ಶೆಡ್‌ಗೆ ಹೆಸರು, ಆಧಾರ್ ನಂಬರ್ ಇರುವ ಪಟ್ಟಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡಬಾರದು.

ಗಾರೆ ಕೆಲಸದವರ ಮಗ:

ವಕೀಲ ಅಕ್ಕ ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ. ಕ್ಲಿಪ್‌ಬೋರ್ಡ್ ಹಿಡಿದು ಯಾರಾದರೂ ಶೆಡ್ ಸಾಲಿಗೆ ಬಂದರೆ ನಮ್ಮಮ್ಮ ಈಗಲೂ ಹೆದರುತ್ತಾರೆ. ಹೆಸರು ಕೇಳಿದರೆ ತಪ್ಪು ಹೆಸರು ಹೇಳುತ್ತಾರೆ. ಪಟ್ಟಿಯಿಂದ ಏನು ಸಿಗುತ್ತದೋ ಅದು ಮೊದಲು ಸಿಗಲಿ, ಆಮೇಲೆ ಹೆಸರು ಕೊಡುತ್ತಾರೆ. ಮೊದಲ ಸಲ ಹೋಗುವಾಗ ನೀರಿನ ಟ್ಯಾಂಕರ್ ವಿಷಯವೋ, ಮಗುವಿನ ಜ್ವರವೋ, ಒಂದು ಕೆಲಸ ಮಾಡಿಕೊಟ್ಟು ಬನ್ನಿ.

ರೇಷನ್ ಅಂಗಡಿ:

ನನ್ನದು ಹೊಸಕೋಟೆ ರಸ್ತೆಯ ಕಡೆ ನ್ಯಾಯಬೆಲೆ ಅಂಗಡಿ. ನಮ್ಮ ಮೇಲೆ ದೂರು ಜಾಸ್ತಿ, ಗೊತ್ತು. ಬೇರೆ ತಾಲ್ಲೂಕಿನ ಕಾರ್ಡ್‌ಗೆ ಕೊಡುವುದಿಲ್ಲ ಅಂತ ಹೇಳುವ ಅಂಗಡಿಗಳೂ ಇವೆ, ಅದು ತಪ್ಪು. ರಾಜ್ಯದ ಯಾವ ಕಾರ್ಡ್ ಬಂದರೂ ಬೆರಳಚ್ಚು ಹೊಂದಿದರೆ ಕೊಡಬೇಕು. ಕುಟುಂಬದ ಅರ್ಧ ಜನ ಊರಲ್ಲಿ, ಅರ್ಧ ಜನ ಇಲ್ಲಿ ಇದ್ದರೆ ಪಾಲು ಬೇರೆ ಬೇರೆ ಕಡೆ ಎತ್ತಲೂ ಆಗುತ್ತದೆ. ಅಜ್ಜಿ ತಾತನಿಗೆ ಅಲ್ಲಿ ಬೇಕು ಅಂತ ಬಹಳ ಜನ ಇಲ್ಲಿ ಕೇಳಲು ಹಿಂಜರಿಯುತ್ತಾರೆ. ಹೆದರಬೇಕಾಗಿಲ್ಲ ಅಂತ ಹೇಳಿ.

ನಮ್ಮ ಕಡೆಯ ತೊಂದರೆ ಸ್ಟಾಕ್. ಸುತ್ತ ಹೊಸ ಶೆಡ್ ಎದ್ದ ತಿಂಗಳು ಅಕ್ಕಿ ಬೇಗ ಖಾಲಿ. ಕೊನೇ ವಾರ ಬಂದವರು ಬರಿಗೈಲಿ ಹೋಗುತ್ತಾರೆ. ಅಂಗನವಾಡಿ ಮೇಡಂ ಕೇಳಿದ ಹಾಗೆ ನನಗೂ ಮುಂಚೆ ಲೆಕ್ಕ ಬೇಕು, ಎಷ್ಟು ಕಾರ್ಡ್, ಎಷ್ಟು ಜನ. ಆಹಾರ ನಿರೀಕ್ಷಕರ ಹತ್ತಿರ ಕೇಳಲು ಕೈಯಲ್ಲಿ ಒಂದು ಕಾಗದ ಇದ್ದ ಹಾಗಾಗುತ್ತದೆ. ಊರಿಂದ ಹೊರಡುವ ಮುಂಚೆ ಎಲ್ಲರ ಇಕೆವೈಸಿ (ಕಾರ್ಡ್‌ನಲ್ಲಿರುವವರ ಆಧಾರ್ ದೃಢೀಕರಣ) ಆಗಿದೆಯಾ ನೋಡಿಸಿ. ಇಲ್ಲಿ ಬಂದ ಮೇಲೆ ಒಬ್ಬರ ಹೆಸರಲ್ಲಿ ತೊಂದರೆ ಇದ್ದರೆ ಅದಕ್ಕಾಗಿ ಯಾದಗಿರಿಗೆ ವಾಪಸ್ ಹೋಗಬೇಕಾಗಿ ಬರಬಹುದು. ಗಾರೆ ಕೆಲಸದವರ ಬೆರಳು ಸಿಮೆಂಟಿನಿಂದ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಮನೆಯಲ್ಲಿ ಸಿಮೆಂಟ್ ಮುಟ್ಟದ ಒಬ್ಬರನ್ನು ಕರೆತನ್ನಿ ಅಂತ ಹೇಳಿ. ಅಂಗಡಿಯವರು ಕೊಡದಿದ್ದರೆ 1967ಕ್ಕೆ ಫೋನ್ ಮಾಡಬಹುದು.

ಆಶಾ ಅಕ್ಕ:

ನಾನು ಶಹಾಪುರ ತಾಲ್ಲೂಕಿನವಳು. ಮೇಡಂ ಬರೆದ ಗರ್ಭಿಣಿಯ ವಿಷಯ ಓದಿ ಎದೆ ಝಲ್ ಎಂದಿತು. ನಮಗೆ ನಮ್ಮ ಗರ್ಭಿಣಿಯರು ಎಲ್ಲಿ ಹೋದರು ಅಂತ ಪ್ರತಿ ಮೀಟಿಂಗ್‌ನಲ್ಲಿ ಕೇಳುತ್ತಾರೆ. 'ವಲಸೆ' ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಆಮೇಲೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ.

ನಾವು ಮಾಡಬಹುದಾದದ್ದು ಹೇಳುತ್ತೇನೆ. ತಾಯಿ ಕಾರ್ಡ್‌ನ ಎಲ್ಲ ಪುಟದ ಫೋಟೊ ತೆಗೆದು ಅವರ ಫೋನಿಗೆ, ಅವರ ಗಂಡನ ಫೋನಿಗೆ ಹಾಕುತ್ತೇನೆ. ಫೋನ್ ಇಲ್ಲದವರಿಗೆ ಜೆರಾಕ್ಸ್. ಮಕ್ಕಳ ಲಸಿಕೆಯ ದಾಖಲೆ ಈಗ ಯು-ವಿನ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುತ್ತದೆ, ಯಾವ ಊರಲ್ಲಾದರೂ ಹಾಕಿಸಬಹುದು. ಆದರೆ ಅದು ಮೊಬೈಲ್ ನಂಬರ್ ಮೇಲೆ ನಿಂತಿದೆ. ನಮ್ಮ ಜನ ಸಿಮ್ ಬದಲಾಯಿಸುತ್ತಲೇ ಇರುತ್ತಾರೆ. ಕೆಲವರದು ಮೇಸ್ತ್ರಿಯ ನಂಬರ್ ಕೊಟ್ಟಿರುತ್ತದೆ. ಅದಕ್ಕೇ ಕಾಗದದ ಕಾರ್ಡ್ ಬೇಕೇ ಬೇಕು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆ ಊರಲ್ಲಿ ಆಗಿಬಿಡುತ್ತದೆ. ತಪ್ಪುವುದು ಒಂಬತ್ತು ತಿಂಗಳದು, ಆಮೇಲಿನ ಒಂದೂವರೆ ವರ್ಷದ್ದು. ಅಷ್ಟು ಹೊತ್ತಿಗೆ ಮಗು ಶೆಡ್‌ನಲ್ಲಿ ಇರುತ್ತದೆ.

ಏಳನೇ ತಿಂಗಳ ಮೇಲಿನ ಗರ್ಭಿಣಿ, ತೂಕ ಇಲ್ಲದ ಮಗು, ಟಿಬಿ ಮಾತ್ರೆ ನುಂಗುತ್ತಿರುವವರು, ಈ ಮೂರು ಇದ್ದರೆ ನಾನು ಅವತ್ತೇ ಫೋನ್ ಮಾಡುತ್ತೇನೆ. ಟಿಬಿ ಮಾತ್ರೆ ನಡುವೆ ನಿಂತರೆ ಎಷ್ಟು ಅಪಾಯ ಅಂತ ನಿಮಗೆ ಗೊತ್ತು. ಅಲ್ಲಿ ಫೋನ್ ಎತ್ತುವವರು ಯಾರು, ಅಷ್ಟು ಹೇಳಿ.

ವೈಟ್‌ಫೀಲ್ಡ್ ಸೈಟ್ ಎಂಜಿನಿಯರ್:

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಕಟ್ಟುವ ಕಂಪನಿಗಳ ಕಡೆಯಿಂದ ಒಂದು ಮಾಹಿತಿ. ಯಾವ ತಿಂಗಳು ಎಷ್ಟು ಜನ ಬೇಕು ಅನ್ನುವ ಲೆಕ್ಕ ನಮ್ಮಲ್ಲಿ ಮೊದಲೇ ಇರುತ್ತದೆ. ಸ್ಲ್ಯಾಬ್ ಹಾಕುವ ಹಂತದಲ್ಲಿ ಜಾಸ್ತಿ, ಪ್ಲಾಸ್ಟರಿಂಗ್‌ಗೆ ಬಂದಾಗ ಬೇರೆ ತಂಡ. ಶೆಡ್ ಯಾವಾಗ ಬಿಚ್ಚುತ್ತಾರೆ, ತಂಡ ಮುಂದೆ ಯಾವ ಸೈಟಿಗೆ ಹೋಗುತ್ತದೆ ಅನ್ನುವುದು ಗುತ್ತಿಗೆದಾರರಿಗೆ ಗೊತ್ತು. ಹೆಸರು ಇಲ್ಲದೆ ಬರೀ ಸಂಖ್ಯೆ ಕೊಡುವುದಕ್ಕೆ ಬಹಳ ಕಂಪನಿಗಳು ತಕರಾರು ಮಾಡುವುದಿಲ್ಲ. ನಮ್ಮ ಸೈಟ್‌ನಿಂದ ನಾನು ಕೊಡಿಸುತ್ತೇನೆ.

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್‌ಗೆ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಸೈಟ್ ಬದಲಾಯಿಸುವವರಿಗೆ ಯಾರೂ ಸಹಿ ಹಾಕುವುದಿಲ್ಲ, ಪ್ರತಿಯೊಬ್ಬರೂ ನಮ್ಮಲ್ಲಿ ಅಷ್ಟು ದಿನ ಇರಲಿಲ್ಲ ಅನ್ನುತ್ತಾರೆ. ತಂಡ ಹೊರಡುವಾಗ ಇಷ್ಟು ದಿನ ಇಲ್ಲಿ ಇದ್ದರು ಅಂತ ಒಂದು ಹಾಳೆ ಬರೆದು ಕೊಡುವ ರೂಢಿ ಬಂದರೆ ದಿನಗಳನ್ನು ಕೂಡಿಸಿ ತೋರಿಸಬಹುದು. ಇದನ್ನೂ ನಾನು ಶುರು ಮಾಡಬಲ್ಲೆ.

ನಮ್ಮ ಊರು ಮೊದಲು:

ವಕೀಲರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಸುರಪುರದವರಿಗೆ ಕಾನೂನೇ ಇಲ್ಲ ಅಂದರೆ ನಮ್ಮ ಶಾಸಕರನ್ನೇ ಕೇಳಬೇಕು. ಆ ಭಾಗದ ಶಾಸಕರು, ಬೆಂಗಳೂರಿನ ಶಾಸಕರು ಇಬ್ಬರೂ ಕೇಳಬೇಕು. ಮನವಿ ಬರೆಯುವುದಾದರೆ ನಾನು ಜೊತೆಗೆ ಬರುತ್ತೇನೆ.

ವರ್ತೂರು ಕಡೆಯವಳು:

ಇಷ್ಟು ಜನ ಮಾತಾಡಿದ್ದು ನೋಡಿ ತುಂಬಾ ಧೈರ್ಯ ಬಂತು. ಮಾತಾಡಿದ್ದರಲ್ಲಿ ಈಗಲೇ ಮಾಡಬಹುದಾದದ್ದನ್ನು ಹೀಗೆ ಹಿಡಿಯುತ್ತೇನೆ, ತಪ್ಪಿದ್ದರೆ ತಿದ್ದಿ.

ಸುರಪುರ, ಶಹಾಪುರ ಒಂದು ಕಡೆ. ವರ್ತೂರಿನಿಂದ ವೈಟ್‌ಫೀಲ್ಡ್‌ವರೆಗೆ ಇನ್ನೊಂದು ಕಡೆ. ಊರಿಂದ ಎರಡು ಥರದ ಸುದ್ದಿ ಬರಲಿ. ಒಂದು ಬರೀ ಲೆಕ್ಕ, ಹೆಸರಿಲ್ಲದೆ. ಅದು ಅಂಗನವಾಡಿ ಟೀಚರ್‌ಗೆ, ರೇಷನ್ ಅಂಗಡಿಗೆ, ಶಾಲೆಗೆ ಹೋಗಲಿ. ಎಂಜಿನಿಯರ್ ಸರ್ ಕೊಡುವ ಸಂಖ್ಯೆಯನ್ನು ಅದಕ್ಕೆ ತಾಳೆ ಹಾಕೋಣ. ಇನ್ನೊಂದು ಹೆಸರಿನ ಸುದ್ದಿ, ಆಶಾ ಅಕ್ಕ ಹೇಳಿದ ಮೂರು ಸಂದರ್ಭಕ್ಕೆ ಮತ್ತು ಶಾಲೆ ವರ್ಗಾವಣೆಗೆ ಮಾತ್ರ. ಅದು ಕುಟುಂಬದವರ ಒಪ್ಪಿಗೆ ಕೇಳಿ, ಫೋನಿನಲ್ಲಿ ಬಾಯಿಮಾತಲ್ಲಿ ಬರಲಿ. ಎಲ್ಲೂ ಪಟ್ಟಿ ಹಂಚುವುದಿಲ್ಲ. ದಾಖಲೆ ಆ ಕುಟುಂಬದ ಕೈಯಲ್ಲೇ ಇರಲಿ, ಮೇಷ್ಟ್ರು ಮಾಡಿದ ಪ್ಲಾಸ್ಟಿಕ್ ಕವರ್ ಅದಕ್ಕೆ ತುಂಬಾ ಒಳ್ಳೆಯ ಉಪಾಯ. ಎಸ್‌ಎಟಿಎಸ್ ಚೀಟಿ, ತಾಯಿ ಕಾರ್ಡ್ ಜೆರಾಕ್ಸ್, ರೇಷನ್ ಕಾರ್ಡ್ ನಂಬರ್, ಸೈಟಿನ ಹಾಳೆ, ಎಲ್ಲ ಅದರಲ್ಲೇ.

ಫೋನ್ ಎತ್ತುವವರು ಯಾರು ಅಂತ ಆಶಾ ಅಕ್ಕ ಕೇಳಿದರು. ಆರೋಗ್ಯಕ್ಕೆ ನಾನು ಎತ್ತುತ್ತೇನೆ, ನಾನು ಇಲ್ಲದಾಗ ನಮ್ಮ ತಂಡದ ಇನ್ನೊಬ್ಬರು. ಇಬ್ಬರ ನಂಬರನ್ನೂ ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ. ಆದರೆ ಇದು ಸ್ವಯಂಸೇವಕರ ತಲೆ ಮೇಲೆ ಶಾಶ್ವತವಾಗಿ ಇರಬಾರದು. ನಾವು ಬಿಟ್ಟು ಹೋದರೆ ಮತ್ತೆ ಮೊದಲಿನ ಸ್ಥಿತಿ. ಬೆಂಗಳೂರು ಪೂರ್ವ ಪಾಲಿಕೆಯಲ್ಲಿ, ಯಾದಗಿರಿ ಜಿಲ್ಲಾ ಪಂಚಾಯಿತಿಯಲ್ಲಿ ಇದಕ್ಕೇ ಒಬ್ಬೊಬ್ಬರನ್ನು ನೇಮಿಸಿ ಅಂತ ಮನವಿ ಕೊಡೋಣ. ಇಲಾಖೆಗಳನ್ನು ತಿಂಗಳಿಗೊಮ್ಮೆ ಒಂದೇ ಮೇಜಿಗೆ ಕರೆಯುವ ಅಧಿಕಾರ ಅವರಿಗಿರಬೇಕು. ವಕೀಲೆ ಮೇಡಂ, ಕರಡು ನೀವು ಬರೆಯುತ್ತೀರಾ?

ವಕೀಲೆ:

ಬರೆಯುತ್ತೇನೆ. ರಾಜ್ಯದ ಒಳಗಿನ ವಲಸೆಗೆ ನಿಯಮ ಬೇಕು ಅನ್ನುವುದನ್ನು ಬೇರೆ ಮನವಿಯಾಗಿ ಇಡುತ್ತೇನೆ. ಎರಡನ್ನೂ ಒಂದರಲ್ಲಿ ಹಾಕಿದರೆ ಸುಲಭದ್ದೂ ಕಡತದಲ್ಲಿ ಕೂರುತ್ತದೆ.

ಸುರಪುರದ ಮೇಷ್ಟ್ರು:

ನಮ್ಮ ಕ್ಲಸ್ಟರ್‌ನ ಸಿಆರ್‌ಪಿ ಒಪ್ಪಿದ್ದಾರೆ. ಉಳಿದ ಶಾಲೆಗಳಿಗೂ ಚೀಟಿ ಮಾದರಿ ಕಳಿಸುತ್ತೇವೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ನಡುವೆ ಜಾತ್ರೆ, ಹಬ್ಬಕ್ಕೆ ಊರಿಗೆ ಬಂದು ಹೋಗುತ್ತಾರೆ. ಬಸ್ ಖರ್ಚು ಇಲ್ಲ. ಚೀಟಿ ಸಿಗದೇ ಹೋದವರಿಗೆ ಆಗ ಕೊಡುತ್ತೇವೆ. ನಮ್ಮ ತಾಂಡಾದಿಂದ ಹೆಣ್ಣೂರು ಕಡೆಗೂ ಬಹಳ ಮನೆ ಹೋಗಿವೆ. ಅಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದೀರಾ?

ಗಾರೆ ಕೆಲಸದವರ ಮಗ:

ಹೆಣ್ಣೂರು, ಥಣಿಸಂದ್ರ ನಾನು ನೋಡುತ್ತೇನೆ ಮೇಷ್ಟ್ರೇ. ಅಲ್ಲಿಯ ಮೇಸ್ತ್ರಿಗಳು ಪರಿಚಯ. ಭಾನುವಾರ ಮಧ್ಯಾಹ್ನದ ಮೇಲೆ ಎಲ್ಲರೂ ಶೆಡ್‌ನಲ್ಲೇ ಇರುತ್ತಾರೆ, ಬಟವಾಡೆ ಆಗಿರುತ್ತದೆ, ಮಾತಾಡಲು ಅದೇ ಹೊತ್ತು. ಮಕ್ಕಳ ಎಸ್‌ಎಟಿಎಸ್ ನಂಬರ್ ಇರುವ ಮನೆಗಳಿಗೆ ಮೊದಲು ಹೋಗುತ್ತೇನೆ. ಹತ್ತಿರದ ಶಾಲೆಯಲ್ಲಿ ಎಷ್ಟು ಜಾಗ ಇದೆ ಅಂತ ಈ ವಾರ ಕೇಳಿ ನಿಮಗೆ ತಿಳಿಸುತ್ತೇನೆ.